ಮಾಗಿ ಮುಗಿಯೋದ್ರಾಗ ಬಿಸಲು, ಹೊರದೇಶದಾಗ ತಣ್ಣನ ಸಮುದ್ರ: ಗೊತ್ತಿದ್ದವರು ವಿವರ ಹಾಕ್ರಿ

ಉಣಕಲ್ ದಂಡಿ (ಹುಬ್ಬಳ್ಳಿ)

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗ್ತೈತಿ ಅಂತಿದ್ರು. ಈಗ ಶಿವರಾತ್ರಿ ಬರೋದ್ರಾಗನ ಮಧ್ಯಾಹ್ನ ದುರ್ಗದಬೈಲ್ ಪ್ಯಾಟಿ ಖಾಲಿ ಆಗೋವಂಥಾ ಬಿಸಲು ಬಿದ್ದೈತಿ. ಎರಡು ವಿಷಯ ಒಂದೇ ಕಡೆ ಕೂಡಿಸಬೇಕಂತ ಈ ಎಳೆ ಶುರು ಮಾಡೀನಿ.

ಒಂದು, ಹೊತ್ತಲ್ಲದ ಹೊತ್ತಿನಾಗ ಬರೋ ಈ ಬಿಸಲು ಏಪ್ರಿಲ್ ಬಿಸಲಿಗಿಂತ ಹೆಚ್ಚು ಕೆಟ್ಟದ್ದೇನು? ಎರಡು, ನಮ್ಮ ಕಡೆ ಹುಡುಗೂರು ಬ್ರಿಟನ್, ಐರ್ಲೆಂಡ್, ಅಮೆರಿಕಾ ಅಂತ ಓದಾಕ ಹೋಗ್ಯಾರ. ಅಲ್ಲೆ ಏಪ್ರಿಲ್-ಮೇದಾಗ ಒಂದಿನ ಬಿಸಲು ಬಿದ್ದ್ರ ಸಾಕು, ಗೆಳೆಯರ ಕೂಡ ಸಮುದ್ರಕ್ಕ ಹಾರತಾರ. ಇಲ್ಲೆ ಕಾರವಾರ, ಗೋಕರ್ಣದ ನೀರು ನೋಡಿದವರಿಗೆ ಅಲ್ಲಿ ನೀರು ಅಂದ್ರ ಏನಂತ ಗೊತ್ತಿರೂದಿಲ್ಲ. ತಿಳಿದವರು ಲೆಕ್ಕ ಸಮೇತ ಬರೀರಿ. "ಜಾಗ್ರತೆ ಇರ್ರಿ" ಅಂತ ಒಂದು ಸಾಲು ಬರದ್ರ ಯಾರಿಗೂ ಉಪಯೋಗ ಇಲ್ಲ.

ತುರ್ತು ವಾರ್ಡ್ (ಹುಬ್ಬಳ್ಳಿ)

ಮೊದಲ ಪ್ರಶ್ನೆಗೆ ಉತ್ತರ: ಹೌದು, ಹೆಚ್ಚು ಕೆಟ್ಟದ್ದು. ಬಿಸಿಲಿಗೆ ಮೈ ಒಗ್ಗಲು 7ರಿಂದ 14 ದಿನ ಬೇಕು. ಆ ದಿನಗಳಲ್ಲಿ ರಕ್ತದ ದ್ರವಾಂಶ ಹೆಚ್ಚುತ್ತದೆ, ಬೆವರು ಬೇಗ ಮತ್ತು ಹೆಚ್ಚು ಬರಲು ಶುರುವಾಗುತ್ತದೆ, ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ. ಏಪ್ರಿಲ್‌ನಲ್ಲಿ 39 ಡಿಗ್ರಿ ತಾಳಿಕೊಳ್ಳುವ ಆಳು ಫೆಬ್ರುವರಿಯ 36ಕ್ಕೆ ಕುಸಿಯುವುದು ಇದಕ್ಕೇ.

ಇನ್ನೊಂದು ತೊಡಕಿದೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಬಯಲು ಪ್ರದೇಶದ ಗರಿಷ್ಠ ಉಷ್ಣಾಂಶ 40 ಡಿಗ್ರಿ ಮುಟ್ಟಬೇಕು, ವಾಡಿಕೆಗಿಂತ ಕನಿಷ್ಠ 4.5 ಡಿಗ್ರಿ ಹೆಚ್ಚಿರಬೇಕು. ಆಗ ಅದು ಉಷ್ಣ ಅಲೆ. ಕರಾವಳಿಗೆ 37 ಸಾಕು. ಹಾಗಾಗಿ ನಮ್ಮಲ್ಲಿ ಫೆಬ್ರುವರಿಯಲ್ಲಿ ವಾಡಿಕೆಗಿಂತ 5 ಡಿಗ್ರಿ ಏರಿ 38 ಆದರೂ ಉಷ್ಣ ಅಲೆಯ ಎಚ್ಚರಿಕೆ ಬರಲಿಕ್ಕಿಲ್ಲ. ಎಚ್ಚರಿಕೆ ಬಂದಿಲ್ಲ ಎಂದು ಮಧ್ಯಾಹ್ನ 12ರಿಂದ 3ರವರೆಗೆ ಸ್ಲ್ಯಾಬ್ ಹಾಕಿಸುವ ಗುತ್ತಿಗೆದಾರರು ಇದನ್ನು ದಯವಿಟ್ಟು ಓದಬೇಕು.

ಗುರುತು ಹೇಗೆ? ತಲೆಸುತ್ತು, ವಾಕರಿಕೆ, ಕಾಲಿನ ಮೀನಖಂಡ ಹಿಡಿದುಕೊಳ್ಳುವುದು, ವಿಪರೀತ ಬೆವರು, ಆದರೆ ಮಾತು ಸರಿಯಾಗಿದೆ: ಇದು ಬಳಲಿಕೆ. ನೆರಳಿಗೆ ತಂದು, ಮಲಗಿಸಿ ಕಾಲು ಎತ್ತರಿಸಿ, ಓಆರ್‌ಎಸ್ ಕೊಟ್ಟರೆ ಅರ್ಧ ಗಂಟೆಯಲ್ಲಿ ಸುಧಾರಿಸಬೇಕು. ಸುಧಾರಿಸದಿದ್ದರೆ ಆಸ್ಪತ್ರೆಗೆ ಕರೆತನ್ನಿ. ಮಾತು ತೊದಲುತ್ತಿದೆ, ಸಂಬಂಧವಿಲ್ಲದ್ದು ಮಾತಾಡುತ್ತಾರೆ, ಸಿಟ್ಟಿಗೇಳುತ್ತಾರೆ, ಫಿಟ್ಸ್ ಬರುತ್ತದೆ, ಎಚ್ಚರ ತಪ್ಪುತ್ತದೆ: ಇದು ಹೀಟ್ ಸ್ಟ್ರೋಕ್. ಒಳಗಿನ ಉಷ್ಣಾಂಶ 40 ದಾಟಿರುತ್ತದೆ. "ಬೆವರು ನಿಂತಿದ್ದರೆ ಮಾತ್ರ ಹೀಟ್ ಸ್ಟ್ರೋಕ್" ಎಂಬುದನ್ನು ನಂಬಬೇಡಿ. ದುಡಿಯುತ್ತಾ ಕುಸಿದವರ ಮೈ ಬೆವರಿನಿಂದ ತೊಯ್ದಿರುವುದೇ ಹೆಚ್ಚು. ಮಾತಿನ ಮೇಲೆ ಗಮನ ಇಡಿ.

ಬ್ಯಾಡಗಿ ಪ್ಯಾಟಿ (ಹಾವೇರಿ ಜಿಲ್ಲಾ)

ಮೆಣಸಿನಕಾಯಿ ಸೀಜನ್ನು ಈ ಬಿಸಲಿನ ಕೂಡೇ ಬರೂದ್ರಿಂದ ಹಮಾಲರ ವಿಷಯ ಹೇಳಲೇಬೇಕು. ಖಾರದ ಧೂಳಿಗೆ ಮೂಗು-ಬಾಯಿ ವಸ್ತ್ರ ಕಟ್ಟಿರ್ತಾರ, ಅದನ್ನ ಬಿಚ್ಚಬೇಕಾಗ್ತೈತಿ ಅಂತ ನೀರ ಕುಡಿಯೂದಿಲ್ಲ. ಕೆಲಸ ಮಾಡಿಸೋರು ಹೊತ್ತು ನೋಡಿ ನಿಲ್ಲಿಸಬೇಕು: 15-20 ನಿಮಿಷಕ್ಕ ಒಂದು ಗ್ಲಾಸ್, ಅಂದ್ರ ಸುಮಾರು 240 ಎಂಎಲ್. ತಾಸಿಗೆ ಒಂದೂವರೆ ಲೀಟರ್ ದಾಟಬ್ಯಾಡ್ರಿ, ಬರೇ ನೀರು ಅತಿ ಆದ್ರ ರಕ್ತದಾಗಿನ ಸೋಡಿಯಂ ಇಳಿದು ಅದೇ ತಲಿಸುತ್ತು, ಅದೇ ಫಿಟ್ಸ್ ಬರ್ತಾವ.

ಹೊಸಾ ಆಳಿಗೆ ಮೊದಲ ದಿನ ಬಿಸಲಾಗಿನ ಕೆಲಸ ಪೂರಾ ದಿನದ ಐದರಾಗ ಒಂದು ಪಾಲು ಅಷ್ಟ, ಆಮ್ಯಾಲೆ ದಿನಾ ಅಷ್ಟಷ್ಟ ಏರಿಸೂದು. ಹಳೆಯ ಆಳು ಕೆಲವು ದಿನ ಕೆಲಸ ಬಿಟ್ಟು ಬಂದಿದ್ರ, ಇಲ್ಲಾ ಬಿಸಲು ಒಮ್ಮೆಲೆ ಏರಿದ್ರ, ಮೊದಲ ದಿನ ಅರ್ಧ, ಎರಡನೇ ದಿನ ನೂರಕ್ಕ 60, ಮೂರನೇ ದಿನ 80, ನಾಲ್ಕನೇ ದಿನ ಪೂರಾ. ಅಮೆರಿಕಾದ ಕಾರ್ಮಿಕ ಆರೋಗ್ಯ ಸಂಸ್ಥೆ ಕೊಟ್ಟ ಲೆಕ್ಕ ಇದು, ನಮ್ಮ ಪ್ಯಾಟಿಗೂ ಹೊಂದತೈತಿ.

ಯಾರರ ಕುಸಿದು ಬಿದ್ದು ಬಡಬಡಸಾಕತ್ತಿದ್ರ 108ಕ್ಕ ಫೋನ್ ಮಾಡ್ರಿ, ಆದ್ರ ಗಾಡಿ ಬರೂತನಾ ಕೈಕಟ್ಟಿ ನಿಲ್ಲಬ್ಯಾಡ್ರಿ. ಪ್ಯಾಟ್ಯಾಗ ತಾಡಪತ್ರಿಗೆ ಬರ ಇಲ್ಲ. ಒಂದನ್ನ ನೆರಳಿಗೆ ಹಾಸ್ರಿ. ಅಂಗಿ ಬಿಚ್ಚಿ ನಡುವ ಮಲಗಸ್ರಿ. ನಾಲ್ಕೈದು ಮಂದಿ ಅಂಚು ಎತ್ತಿ ಹಿಡದ್ರ ತೊಟ್ಟಿಲ ಆಗ್ತೈತಿ. ಎಂಟು-ಹತ್ತು ಕೊಡ ನೀರು ಸುರೀರಿ, ಕಬ್ಬಿನ ಹಾಲಿನ ಅಂಗಡ್ಯಾಗಿಂದ ಬರ್ಫ ತಂದು ಒಡದು ಹಾಕ್ರಿ, ಅಂಚು ಆ ಕಡೆ ಈ ಕಡೆ ಎತ್ತಿ ಇಳಿಸಿ ನೀರು ಅಲುಗಾಡಸ್ರಿ. ನಿಂತ ನೀರು ಮೈಗೆ ಹತ್ತಿದ್ದಲ್ಲೇ ಬೆಚ್ಚಗಾಗ್ತೈತಿ, ಅದಕ್ಕ ಅಲುಗಾಡಸೂದು ಮುಖ್ಯ. ಒಬ್ಬರು ಬೆನ್ನಹಿಂದ ಕುಂತು ಎರಡೂ ಬಗಲಾಗ ಕೈ ಹಾಕಿ ತಲಿ ನೀರಿನ ಮ್ಯಾಲೆ ಇರೂ ಹಂಗ ಹಿಡಿಬೇಕು. ಇವರಿಗೆ ಬ್ಯಾರೆ ಕೆಲಸ ಹೇಳಬಾರದು.

ಬೆಟಗೇರಿ ಮಗ್ಗ (ಗದಗ)

ಸರ, ಒಂದು ಅನುಮಾನ. ಕಾದ ಮೈಗೆ ಬರ್ಫದ ನೀರು ಹಾಕಿದ್ರ ಎದಿ ನಿಂತಬಿಡ್ತೈತಿ ಅಂತಾರ ನಮ್ಮ ಕಡೆ ಹಿರೇರು. ಉಳ್ಳಾಗಡ್ಡಿ ಜಜ್ಜಿ ಅಂಗಾಲಿಗೆ ತಿಕ್ಕೂದು, ತಲಿ ಮ್ಯಾಲೆ ಒದ್ದಿ ಪಂಚೆ ಇಡೂದು, ಇಷ್ಟ ಮಾಡ್ತಾರ. ಅದೂ ಅಲ್ಲದ ಇದೇ ಎಳ್ಯಾಗ ಮುಂದ ತಣ್ಣನ ನೀರು ಕೊಲ್ತೈತಿ ಅನ್ನೋವ್ರು ಅದೀರಿ. ಎರಡೂ ಹೆಂಗ ಖರೆ ಆಗ್ತಾವ?

ತುರ್ತು ವಾರ್ಡ್ (ಹುಬ್ಬಳ್ಳಿ)

ಕೇಳಬೇಕಾದ ಪ್ರಶ್ನೆಯೇ, ಅಣ್ಣಾರೆ. ತಣ್ಣೀರಿಗೆ ಒಮ್ಮೆಲೆ ಬಿದ್ದಾಗ ಉಸಿರು ತಾನಾಗಿ ಒಳಕ್ಕೆ ಎಳೆದುಕೊಳ್ಳುತ್ತದೆ. ಆ ಹೊತ್ತಿಗೆ ಬಾಯಿ ನೀರೊಳಗಿದ್ದರೆ ಮುಳುಗುತ್ತಾರೆ. ತಾಡಪತ್ರಿಯಲ್ಲಿ ತಲೆ ಮೇಲಿದೆ, ಒಬ್ಬರು ಹಿಡಿದಿದ್ದಾರೆ, ಮುಳುಗುವ ಅಪಾಯ ಇಲ್ಲ. ಅದೇ ಒಳಗಿನ ಉಷ್ಣಾಂಶ 40ರ ಮೇಲೆ ಎಷ್ಟು ಹೊತ್ತು ಉಳಿಯುತ್ತದೋ ಅಷ್ಟು ಮಿದುಳು, ಲಿವರ್, ಕಿಡ್ನಿಗೆ ಹಾನಿ. ಅರ್ಧ ಗಂಟೆಯೊಳಗೆ 39ರ ಕೆಳಗೆ ಇಳಿಸುವುದೇ ಗುರಿ. ಗಟ್ಟಿಮುಟ್ಟಾದ, ದುಡಿಯುತ್ತಾ ಬಿದ್ದವರಿಗೆ ತಣ್ಣೀರಲ್ಲಿ ಮುಳುಗಿಸುವುದಕ್ಕಿಂತ ಒಳ್ಳೆಯ ದಾರಿ ಇಲ್ಲ. ನಡುಕ ಬಂದರೆ ಅಥವಾ ಮಾತು ಸರಿಹೋದರೆ ಹೊರಗೆ ತೆಗೆಯಿರಿ.

ಮುಪ್ಪಿನವರು, ಹೃದ್ರೋಗಿಗಳು ಮನೆಯೊಳಗೇ ಕುಸಿದಿದ್ದರೆ ಬೇರೆ ದಾರಿ: ಮೈಪೂರ್ತಿ ನೀರು ಚಿಮುಕಿಸಿ ಜೋರಾಗಿ ಫ್ಯಾನ್ ಬಿಡಿ, ಕುತ್ತಿಗೆ, ಬಗಲು, ತೊಡೆಸಂದಿಗೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಡಿ. ಒಂದು ಲೀಟರ್ ನೀರು ಚರ್ಮದ ಮೇಲಿಂದ ಆವಿಯಾದರೆ ಸುಮಾರು 580 ಕಿಲೋಕ್ಯಾಲೊರಿ ಶಾಖ ಹೊತ್ತೊಯ್ಯುತ್ತದೆ. ನಮ್ಮ ಒಣಹವೆಯಲ್ಲಿ ಇದು ಚೆನ್ನಾಗಿ ನಡೆಯುತ್ತದೆ, ಕಾರವಾರದ ತೇವದಲ್ಲಿ ನಡೆಯುವುದಿಲ್ಲ.

ಉಳ್ಳಾಗಡ್ಡಿಯಿಂದ ಹಾನಿ ಇಲ್ಲ, ಆದರೆ ಅದರಲ್ಲಿ ಹೊತ್ತು ಹೋಗುತ್ತದೆ. ಪ್ಯಾರಾಸಿಟಮಾಲ್ ಬೇಡ, ಇದು ಸೋಂಕಿನ ಜ್ವರವಲ್ಲ. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಲೇಬೇಡಿ.

ಓಆರ್‌ಎಸ್ ಬಗ್ಗೆ ಎರಡು ಮಾತು. 20.5 ಗ್ರಾಂ ಪ್ಯಾಕೆಟ್ ಒಂದು ಲೀಟರ್ ನೀರಿಗೆ. ಅರ್ಧ ಪುಡಿ ಒಂದು ಲೋಟಕ್ಕೆ ಹಾಕಿದರೆ ಉಪ್ಪು ಅತಿಯಾಗಿ ಮಕ್ಕಳಿಗೆ ಅಪಾಯ. ಪ್ಯಾಕೆಟ್ ಸಿಗದಿದ್ದರೆ ಒಂದು ಲೀಟರ್‌ಗೆ ಚಹಾ ಚಮಚೆಯಲ್ಲಿ ಸಮತಟ್ಟಾಗಿ 6 ಸಕ್ಕರೆ, ಅರ್ಧ ಉಪ್ಪು. ಓಆರ್‌ಎಸ್ ಸೂತ್ರವಿಲ್ಲದ ಸಿಹಿ ಪಾನೀಯಗಳು ಆ ಹೆಸರು ಹಾಕಿಕೊಳ್ಳಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶ ಮಾಡಿದೆ. ಹೊದಿಕೆ ಓದಿ ಕೊಳ್ಳಿ. ಆರಾಮಿದ್ದವರಿಗೆ ಉಪ್ಪು ಹಾಕಿದ ಮಜ್ಜಿಗೆ, ಜೋಳದ ಅಂಬಲಿ ಸಾಕು.

ಸಪ್ತಾಪುರ ಔಷಧ ಅಂಗಡಿ (ಧಾರವಾಡ)

ಬಿಪಿಗೆ ಮೂತ್ರ ಹೆಚ್ಚು ಮಾಡುವ ಗುಳಿಗೆ ತಗೊಳ್ಳೋರು, ಲಿಥಿಯಂ ತಗೊಳ್ಳೋರು, ಬೆವರು ತಡೆಯುವ ಕೆಲವು ಅಲರ್ಜಿ, ಮಾನಸಿಕ ಕಾಯಿಲೆಯ ಔಷಧ ತಗೊಳ್ಳೋರು ಬಿಸಿಲು ಒಮ್ಮೆಲೆ ಏರಿದ ವಾರ ವೈದ್ಯರಿಗೆ ಒಂದು ಫೋನ್ ಮಾಡಿ ಪ್ರಮಾಣ ಕೇಳಬೇಕು. ತಾವೇ ನಿಲ್ಲಿಸಬಾರದು. ಕಿಡ್ನಿ, ಹಾರ್ಟ್ ತೊಂದರೆಗೆ ನೀರಿನ ಮಿತಿ ಹಾಕಿಸಿಕೊಂಡವರಿಗೆ ಮೇಲಿನ 15 ನಿಮಿಷದ ಲೆಕ್ಕ ಅನ್ವಯಿಸುವುದಿಲ್ಲ.

ಒಡೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಕರೆಂಟ್ ಹೋಗುವ ಹಳ್ಳಿಯಲ್ಲಿ ಒಡೆದ ಬಾಟಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಹಸಿ ಮರಳಿನಲ್ಲಿ ಇಟ್ಟ ಮಣ್ಣಿನ ಗಡಿಗೆಯೊಳಗೆ ಇಡಿ. ಬೈಕ್ ಡಿಕ್ಕಿ, ಕಾರಿನ ಡ್ಯಾಶ್‌ಬೋರ್ಡ್ ಮಾತ್ರ ಬೇಡವೇ ಬೇಡ. ಮಂಜುಗಡ್ಡೆಗೆ ನೇರವಾಗಿ ತಾಗಿಸಿದರೂ ಕೆಡುತ್ತದೆ.

ಕಾರ್ಕ್ ಕಡಲು (ಮೂಲ ಧಾರವಾಡ)

ಎರಡನೇ ಪ್ರಶ್ನೆಗೆ ನಾನು ಬರೀತೀನಿ. ಐರ್ಲೆಂಡ್, ಬ್ರಿಟನ್ ಸುತ್ತಲಿನ ಸಮುದ್ರದ ಸರಾಸರಿ ಉಷ್ಣಾಂಶ 12 ಡಿಗ್ರಿ. ಅತಿ ತಣ್ಣಗಿರೋದು ಫೆಬ್ರುವರಿ-ಮಾರ್ಚ್‌ನಲ್ಲಿ, ಅತಿ ಬೆಚ್ಚಗಾಗೋದು ಆಗಸ್ಟ್-ಸೆಪ್ಟೆಂಬರ್‌ನಲ್ಲಿ. ಗಾಳಿಯ ಬಿಸಿ ಒಂದೇ ದಿನದಲ್ಲಿ ಏರುತ್ತೆ. ಸಮುದ್ರದ ಬಿಸಿ ಹತ್ತಾರು ಮೀಟರ್ ಆಳಕ್ಕೆ ಹಂಚಿಹೋಗೋದರಿಂದ ತಿಂಗಳುಗಟ್ಟಲೆ ಹಿಂದೆ ಉಳಿಯುತ್ತೆ. ಅದಕ್ಕೇ ಮೇ ತಿಂಗಳ ಮೊದಲ 25 ಡಿಗ್ರಿ ಬಿಸಿಲಿನ ದಿನವೇ ಹೆಚ್ಚು ಅಪಾಯದ್ದು: ಗಾಳಿ ಧಾರವಾಡದ ಬೆಳಗಿನ ಹಾಗೆ ಹಿತವಾಗಿರುತ್ತೆ, ನೀರು 11-12ರಲ್ಲೇ ಇರುತ್ತೆ. ಕಾರವಾರ, ಗೋಕರ್ಣದ ನೀರು ಸುಮಾರು 27ರಿಂದ 30. ಅಲ್ಲಿನ ಅಂದಾಜು ಇಲ್ಲಿ ಏನೂ ಕೆಲಸಕ್ಕೆ ಬರಲ್ಲ.

15 ಡಿಗ್ರಿಗಿಂತ ತಣ್ಣನೆಯ ನೀರಿಗೆ ಒಮ್ಮೆಲೆ ಬಿದ್ದಾಗ ಆಗೋದನ್ನ ಕೋಲ್ಡ್ ಶಾಕ್ ಅಂತಾರೆ. ಚರ್ಮ ಥಟ್ಟನೆ ತಣ್ಣಗಾದ ಕೂಡಲೇ 2ರಿಂದ 3 ಲೀಟರ್‌ನಷ್ಟು ಗಾಳಿ ಒಂದೇ ಸಲ ಒಳಕ್ಕೆ ಎಳೆದುಕೊಳ್ಳುತ್ತೀರಿ, ತಡೆಯೋಕೆ ಆಗಲ್ಲ. ಆಮೇಲೆ ಏದುಸಿರು. ದಡದ ಮೇಲೆ ಒಂದು ನಿಮಿಷ ಉಸಿರು ಹಿಡಿಯೋರು ಆ ನೀರಲ್ಲಿ 10 ಸೆಕೆಂಡ್ ಹಿಡಿಯೋದೂ ಕಷ್ಟ. ರಕ್ತದೊತ್ತಡ, ಎದೆಬಡಿತ ಎರಡೂ ಜಿಗಿಯುತ್ತೆ. ಜೊತೆಗೆ ಮುಖ ತಣ್ಣೀರಲ್ಲಿ ಮುಳುಗಿದಾಗ ಎದೆಬಡಿತ ನಿಧಾನ ಮಾಡುವ ಇನ್ನೊಂದು ಸೂಚನೆಯೂ ಹೃದಯಕ್ಕೆ ಹೋಗುತ್ತೆ. ಎರಡೂ ಒಟ್ಟಿಗೆ ಬಂದಾಗ ಬಡಿತದ ಲಯ ತಪ್ಪಬಹುದು. ಬಂಡೆ ಮೇಲಿಂದ, ಸೇತುವೆ ಮೇಲಿಂದ ತಲೆಕೆಳಗಾಗಿ ಹಾರೋದು ಅದಕ್ಕೇ ಎಲ್ಲಕ್ಕಿಂತ ಕೆಟ್ಟದ್ದು.

ಇದು ಮೊದಲ ಅರ್ಧ ನಿಮಿಷದಲ್ಲಿ ಜೋರಾಗಿದ್ದು, ಎರಡು-ಮೂರು ನಿಮಿಷದಲ್ಲಿ ಇಳಿಯುತ್ತೆ. ಆ ಹೊತ್ತು ಈಜಬಾರದು. ಬೆನ್ನ ಮೇಲೆ ತೇಲಬೇಕು: ತಲೆ ಹಿಂದಕ್ಕೆ ಬಾಗಿಸಿ, ಕಿವಿ ನೀರೊಳಗೆ, ಗದ್ದ ಮೇಲೆ. ಕೈಗಳನ್ನು ಸೊಂಟದ ಪಕ್ಕ ನಿಧಾನ ಆಡಿಸಿ. ಕಾಲು ಕೆಳಗೆ ಇಳಿದರೆ ಇಳಿಯಲಿ, ಮೇಲೆ ತರೋಕೆ ಒದ್ದಾಡಬೇಡಿ. ಉಸಿರು ಹಿಡಿತಕ್ಕೆ ಬಂದ ಮೇಲೆ ಕೂಗಿ ಕರೆಯಿರಿ ಅಥವಾ ಈಜಿ ದಡ ಸೇರಿ.

ಅದಾದ ಮೇಲೆ ಸುಮಾರು 10 ನಿಮಿಷ ಕೈಕಾಲು ಮಾತು ಕೇಳುತ್ತವೆ. ಆಮೇಲೆ ಸ್ನಾಯು-ನರ ತಣ್ಣಗಾಗಿ ಬೆರಳು ಮುಷ್ಟಿಗಟ್ಟಲ್ಲ, ಮೈ ನೀರಲ್ಲಿ ನೆಟ್ಟಗೆ ನಿಂತು ಈಜು ನಿಲ್ಲುತ್ತೆ. ಹೈಪೋಥರ್ಮಿಯಾದಿಂದ, ಅಂದರೆ ಮೈಯೊಳಗಿನ ಉಷ್ಣಾಂಶ ಅತಿಯಾಗಿ ಇಳಿದು, ಎಚ್ಚರ ತಪ್ಪೋಕೆ ಹತ್ತಿರ ಹತ್ತಿರ ಒಂದು ಗಂಟೆ ಬೇಕು. ಕೆನಡಾದಲ್ಲಿ ಇದನ್ನೇ ನೆನಪಿಡೋಕೆ ಸುಲಭ ಆಗಲಿ ಅಂತ 1-10-1 ಅಂತ ಕಲಿಸ್ತಾರೆ: ಉಸಿರು ಹಿಡಿತಕ್ಕೆ ತರೋಕೆ 1 ನಿಮಿಷ, ಕೈಕಾಲು ಆಡೋದು 10 ನಿಮಿಷ, ಎಚ್ಚರ ತಪ್ಪೋಕೆ 1 ಗಂಟೆ.

ಬೆಟಗೇರಿ ಮಗ್ಗ (ಗದಗ)

ನಮ್ಮ ಹುಡುಗೂರು ಬಾಂವ್ಯಾಗ ಬೆಂಡು ಕಟಗೊಂಡು ಕಲತವ್ರು, ಹೊಳಿ ದಾಟೋರು. ಅಂಥವ್ರಿಗೂ ಇದು ಆಗ್ತೈತೇನ್ರಿ?

ಕಾರ್ಕ್ ಕಡಲು (ಮೂಲ ಧಾರವಾಡ)

ಆಗುತ್ತೆ ಅಣ್ಣಾರೆ. ಈಜು ಬರೋದಕ್ಕೂ ಈ ಏದುಸಿರಿಗೂ ಸಂಬಂಧ ಇಲ್ಲ. ಇದು ಚರ್ಮದ ಪ್ರತಿಕ್ರಿಯೆ. ಕಡಿಮೆ ಮಾಡೋ ಒಂದೇ ದಾರಿ ರೂಢಿ: ಎರಡು-ಮೂರು ನಿಮಿಷದ ಐದಾರು ಮುಳುಗು, ಬೇರೆ ಬೇರೆ ಹೊತ್ತಿನಲ್ಲಿ, ಜೊತೆಗೆ ಜನ ಇದ್ದಾಗ. ಅಷ್ಟರಲ್ಲಿ ತೀವ್ರತೆ ಸುಮಾರು ಅರ್ಧಕ್ಕೆ ಇಳಿಯುತ್ತೆ. ಇಳಿಯೋದು ಹೇಗೆ ಅಂದರೆ ನಡೆದುಕೊಂಡೇ: ಮೊಣಕಾಲು, ಸೊಂಟ, ಆಮೇಲೆ ಕುತ್ತಿಗೆ ಹಿಂಭಾಗಕ್ಕೆ, ಮುಖಕ್ಕೆ ನೀರು ಹಾಕಿಕೊಂಡು, ಬಾಯಿಂದ ಉದ್ದ ಉಸಿರು ಬಿಡ್ತಾ. ದಡಕ್ಕೆ ಸಮಾನಾಂತರವಾಗಿ, ಕಾಲು ನೆಲಕ್ಕೆ ತಾಗೋ ಆಳದಲ್ಲೇ ಈಜಬೇಕು. ಬಿಯರ್ ಕುಡಿದಿದ್ದರೆ ಇಳಿಯಲೇಬಾರದು.

ಬಾವುಟ ಕಲಿಸಿ ಕಳಿಸಿ. ಮೇಲೆ ಕೆಂಪು ಕೆಳಗೆ ಹಳದಿ ಇರೋ ಎರಡು ಬಾವುಟಗಳ ನಡುವೆ ಮಾತ್ರ ಈಜು, ಅಲ್ಲಿ ಜೀವರಕ್ಷಕರು ನೋಡ್ತಿರ್ತಾರೆ. ಕಪ್ಪು-ಬಿಳಿ ಚೌಕದ್ದು ಸರ್ಫಿಂಗ್ ಹಲಗೆಯವರಿಗೆ. ಬರೀ ಕೆಂಪು ಅಂದರೆ ಯಾರೂ ಇಳಿಯೋ ಹಾಗಿಲ್ಲ. ಕಿತ್ತಳೆ ಬಣ್ಣದ ಗಾಳಿಚೀಲ ಹಾರ್ತಿದ್ದರೆ ಗಾಳಿ ಕಡಲ ಕಡೆ ಬೀಸ್ತಿದೆ, ಗಾಳಿ ತುಂಬಿದ ಟ್ಯೂಬ್, ಹಾಸಿಗೆ ತಗೊಂಡು ಹೋಗಬಾರದು. ಯಾರಾದರೂ ಕಷ್ಟದಲ್ಲಿದ್ದರೆ 999 ಅಥವಾ 112ಕ್ಕೆ ಕರೆ ಮಾಡಿ "ಕೋಸ್ಟ್‌ಗಾರ್ಡ್" ಅಂತ ಕೇಳಬೇಕು. ಹಿಂದೆ ಹಾರಬಾರದು. ದಡದಲ್ಲಿ ತೂಗುಹಾಕಿರೋ ರಿಂಗ್ ಎಸೆಯಬೇಕು.

ಹೊರಗೆ ಬಂದ ಮೇಲೂ 10ರಿಂದ 30 ನಿಮಿಷ ಒಳಗಿನ ಉಷ್ಣಾಂಶ ಇಳೀತಾನೇ ಇರುತ್ತೆ. ಒದ್ದೆ ಬಟ್ಟೆ ತಕ್ಷಣ ತೆಗೆದು ಒರೆಸಿ, ಮೇಲ್ಭಾಗಕ್ಕೆ ಮೊದಲು ಬಟ್ಟೆ, ತಲೆಗೆ ಟೋಪಿ, ಸಿಹಿ ಬೆಚ್ಚನೆಯ ಚಹಾ. ಕೈಕಾಲು ತಿಕ್ಕಬೇಡಿ, ಬಿಸಿನೀರಿನ ಸ್ನಾನ ಬೇಡ, ಬ್ರಾಂದಿ ಬೇಡವೇ ಬೇಡ: ಚರ್ಮದ ರಕ್ತನಾಳ ತೆರೆದು ಒತ್ತಡ ಕುಸಿಯುತ್ತೆ. ಬಹಳ ಹೊತ್ತು ನೀರಲ್ಲಿದ್ದವರನ್ನ ಆದಷ್ಟು ಅಡ್ಡಲಾಗಿ ಎತ್ತಿ, ಮಲಗಿಸಿಯೇ ಇಡಿ. ನಡುಕ ನಿಂತು ಮಂಕಾದರೆ ಅದು ಸುಧಾರಣೆಯಲ್ಲ, ಒಳಗಿನ ಉಷ್ಣಾಂಶ 32 ಡಿಗ್ರಿ ಹತ್ತಿರ ಇಳಿದಿರೋ ಲಕ್ಷಣ.

ಸಿಯಾಟಲ್ ಮಳಿ (ಮೂಲ ರಾಣೇಬೆನ್ನೂರು)

ಅಮೆರಿಕಾದ ಪಶ್ಚಿಮ ದಂಡಿದೂ ಇದೇ ಕತಿ. ಸಿಯಾಟಲ್ ದಂಡಿಗೆ ಇರೋ ಪ್ಯೂಜೆಟ್ ಸೌಂಡ್ ಅನ್ನೋ ಕಡಲ ಕೊಲ್ಲಿ ನೀರು ವರ್ಷಪೂರ್ತಿ ಸುಮಾರು 8ರಿಂದ 13 ಡಿಗ್ರಿ. 2021ರ ಜೂನ್ 29ಕ್ಕ ಕೆನಡಾದ ಲಿಟ್ಟನ್ ಊರಾಗ 49.6 ಡಿಗ್ರಿ ದಾಖಲ ಆತು, ಅಂಥಾ ದಿನಾನೂ ಕಡಲು ತಣ್ಣಗನ ಇರ್ತೈತಿ. ಹೊಳಿ ಇನ್ನೂ ಮೋಸ: ಬಿಸಲು ಏರಿದಷ್ಟು ಗುಡ್ಡದ ಹಿಮ ಹೆಚ್ಚು ಕರಗಿ ನೀರು ಏರ್ತೈತಿ, ಸೆಳವೂ ಹೆಚ್ಚು, ತಂಪೂ ಹೆಚ್ಚು. ಕ್ಯಾಲಿಫೋರ್ನಿಯಾದಾಗ ವಸಂತದ ಗಾಳಿಗೆ ಆಳದ ತಣ್ಣನ ನೀರು ಮ್ಯಾಲೆ ಬರ್ತೈತಿ. ಒರೆಗಾನ್ ಕಡೆ ಶಾಂತ ಸಮುದ್ರದಾಗಿಂದ ಒಮ್ಮೆಲೆ ಒಂದು ದೊಡ್ಡ ತೆರಿ ದಂಡಿ ಮ್ಯಾಲೆ ಬಹಳ ದೂರ ಏರ್ತೈತಿ, ಬೆನ್ನು ತಿರುಗಿಸಿ ಫೋಟೋ ತೆಗಿಸಿಕೊಳ್ಳಬಾರದು. ಅಮೆರಿಕಾದಾಗ ತುರ್ತು ನಂಬರ್ 911.

ಮನಿ ಬಗ್ಗೆನೂ ಹೇಳ್ರಿ ಮಕ್ಕಳಿಗೆ. ಬ್ರಿಟನ್‌ನ ಕೋನಿಂಗ್ಸ್‌ಬಿಯೊಳಗ 2022ರ ಜುಲೈ 19ಕ್ಕ 40.3 ಆಗಿತ್ತು. ಆ ಮನಿಗಳು ಶಾಖ ಹಿಡಿದಿಡಾಕ ಕಟ್ಟಿದ್ದು, ತಿರುಗೋ ಫ್ಯಾನೂ ಇರೂದಿಲ್ಲ. ಹಗಲು ಕಿಡಕಿ, ಪರದೆ ಮುಚ್ಚಿ ರಾತ್ರಿ ತೆಗೀಬೇಕು. ಕೋಣೆ 40 ದಾಟಿದ್ರ ಒಣ ಮೈಮ್ಯಾಲೆ ಫ್ಯಾನ್ ಗಾಳಿ ಬಿಟ್ರ ಶಾಖ ಒಳಗ ತುಂಬತೈತಿ, ಇದು ಗದಗಿಗೂ ಅನ್ವಯ.

ಉಣಕಲ್ ದಂಡಿ (ಹುಬ್ಬಳ್ಳಿ)

ಇಷ್ಟು ವಿವರ ಬರ್ತೈತಿ ಅಂತ ಅಂದ್ಕೊಂಡಿರಲಿಲ್ಲ, ಎಲ್ಲಾರಿಗೂ ಶರಣು. ಇನ್ನ ನಮ್ಮ ಕಡೆ ನೀರಿನ ಮಾತು. ಶನಿವಾರ ರಾತ್ರಿ ಗಾಡಿ ಹತ್ತಿ ಅರಬೈಲ್ ಘಾಟ್ ಇಳಿದು ಸಮುದ್ರಕ್ಕ ಹೋಗೋರಿಗೆ, ಮತ್ತ ಹೊಲದಾಗಿನ ಕೃಷಿ ಹೊಂಡಕ್ಕ ಇಳಿಯೋ ಹುಡುಗೂರಿಗೆ ಏನು ಹೇಳ್ತೀರಿ?

ನವಲಗುಂದ ಹೊಲ

ಕೃಷಿ ಹೊಂಡದ ಬಗ್ಗೆ ನಾ ಹೇಳ್ತೀನಿ, ಯಾಕಂದ್ರ ಇದು ಹೆಚ್ಚು ಮನಿ ಹಾಳು ಮಾಡೂ ವಿಷಯ. ನೀರು ಹೆಚ್ಚು ತಣ್ಣಗ ಇರೂದಿಲ್ಲ, ಆಳನೂ ಸಮುದ್ರದಷ್ಟಿಲ್ಲ. ಆದ್ರ ಹಾಸಿದ ಪ್ಲಾಸ್ಟಿಕ್ ಹಾಳಿ ಮ್ಯಾಲೆ ಪಾಚಿ ಕಟ್ಟಿರ್ತೈತಿ, ಇಳಿಜಾರು ಕಡಿದಾಗಿರ್ತೈತಿ. ಇಳದವ ಹತ್ತಾಕ ಹೋದ್ರ ಕೈಗೆ ಹಿಡಿಯಾಕ ಏನೂ ಸಿಗೂದಿಲ್ಲ, ಜಾರಿ ಜಾರಿ ದಣದು ಮುಳಗತಾನ. ಈಜು ಬಲ್ಲವರೂ ಹಿಂಗ ಹೋಗ್ತಾರ. ಎತ್ತಾಕ ಇಳದವನೂ ಹೋಗ್ತಾನ.

ಖರ್ಚು ಹೆಚ್ಚಿಲ್ಲ, ಇವತ್ತೇ ಮಾಡ್ರಿ: 12 ಎಂಎಂ ನೈಲಾನ್ ಹಗ್ಗ, ಒಂದೊಂದು ಫೂಟಿಗೆ ಒಂದು ಗಂಟು. ಹೊಂಡದ ನಾಲ್ಕೂ ಬದಿಗೆ ಒಂದೊಂದು, ದಂಡಿ ಮ್ಯಾಲೆ ಎರಡು ಫೂಟ ಆಳ ಹೂತ ಕಬ್ಬಿಣದ ಗೂಟಕ್ಕ ಬಿಗಿದು, ಇನ್ನೊಂದು ತುದಿ ನೀರಿನ ತಳ ಮುಟ್ಟೂ ಹಂಗ ಬಿಡ್ರಿ. ಬ್ಯಾಸಗ್ಯಾಗ ನೀರು ಇಳದಂಗ ಹಗ್ಗ ಮ್ಯಾಲೆ ಉಳದ್ರ ಉಪಯೋಗಿಲ್ಲ, ಅದಕ್ಕ ತಳ ಮುಟ್ಟಬೇಕು ಅಂದದ್ದು. ಗಾಳಿ ತುಂಬಿದ ಹಳೇ ಟ್ರ್ಯಾಕ್ಟರ್ ಟ್ಯೂಬ್ ಒಂದಕ್ಕ ಉದ್ದ ಹಗ್ಗ ಕಟ್ಟಿ ದಂಡಿಗೆ ಇಡ್ರಿ, ಎಸಿಯಾಕ. ಬಿಸಲಿಗೆ ನೈಲಾನ್ ಪುಡಿ ಆಗ್ತೈತಿ, ವರ್ಷಕ್ಕೊಮ್ಮೆ ಜಗ್ಗಿ ನೋಡಿ ಬದಲಾಯಿಸ್ರಿ. ಸುತ್ತಲೂ ಬೇಲಿ, ಬಾಗಲಕ್ಕ ಕೀಲಿ. ಮಲಪ್ರಭಾ ಕಾಲುವಿ ಸಿಮೆಂಟ್ ದಂಡಿಗೂ ಇದೇ ಜಾರಿಕಿ, ಮ್ಯಾಲೆ ಸೆಳವು ಬ್ಯಾರೆ.

ಕಾರ್ಕ್ ಕಡಲು (ಮೂಲ ಧಾರವಾಡ)

ಗೋಕರ್ಣ, ಮುರುಡೇಶ್ವರ, ಕಾರವಾರದಲ್ಲಿ ಅಪಾಯ ತಂಪಲ್ಲ, ಸೆಳವು. ತೆರೆ ಒಡೆಯದೆ ಸಪಾಟಾಗಿ, ಕೆಸರು ಬಣ್ಣದಲ್ಲಿ, ನೊರೆ ಹೊರಕ್ಕೆ ಹೋಗೋ ಪಟ್ಟಿ ಕಂಡರೆ ಅದೇ. ನೋಡೋಕೆ ಅಲ್ಲೇ ನೀರು ಶಾಂತ ಅನಿಸುತ್ತೆ, ಜನ ಅಲ್ಲೇ ಇಳೀತಾರೆ. ಸಿಕ್ಕಿಕೊಂಡರೆ ದಡದ ಕಡೆ ಎದುರೀಜು ಬೇಡ. ತೇಲಿ, ಎಳೆತ ಸಡಿಲವಾದ ಮೇಲೆ ದಡಕ್ಕೆ ಸಮಾನಾಂತರವಾಗಿ ಈಜಿ ಪಟ್ಟಿಯಿಂದ ಹೊರಬನ್ನಿ, ಆಮೇಲೆ ತೆರೆಗಳ ಜೊತೆ ದಡಕ್ಕೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಳಿಯಲೇಬಾರದು. ಸಹಾಯಕ್ಕೆ 112, ಕರಾವಳಿ ಕಾವಲು ಪೊಲೀಸರ 1093.

ತುರ್ತು ವಾರ್ಡ್ (ಹುಬ್ಬಳ್ಳಿ)

ಮುಳುಗಿದವರನ್ನು ಹೊರತೆಗೆದ ಮೇಲೆ ತಲೆಕೆಳಗೆ ಮಾಡಿ ಗರಗರ ತಿರುಗಿಸುವುದು, ಹೊಟ್ಟೆ ಒತ್ತುವುದು, ವಾಟ್ಸಾಪ್‌ನಲ್ಲಿ ಬರುವ ಹಾಗೆ ಉಪ್ಪಿನ ರಾಶಿಯಲ್ಲಿ ಮಲಗಿಸುವುದು, ಇವೆಲ್ಲ ಉಳಿಯಬಹುದಾದ ಜೀವವನ್ನು ಕಳೆಯುತ್ತವೆ. ಹೊಟ್ಟೆ ಒತ್ತಿದರೆ ವಾಂತಿ ಶ್ವಾಸಕೋಶಕ್ಕೆ ಹೋಗುತ್ತದೆ. ಉಸಿರಿಲ್ಲದಿದ್ದರೆ ತಲೆ ಹಿಂದಕ್ಕೆ ಬಾಗಿಸಿ, ಮೂಗು ಮುಚ್ಚಿ, ಎದೆ ಏರುವುದು ಕಾಣುವ ಹಾಗೆ ಮೊದಲು 5 ಸಲ ಬಾಯಿಗೆ ಬಾಯಿಟ್ಟು ಉಸಿರು ಊದಿ. ಆಮೇಲೆ ಎದೆಯ ನಡುವೆ 30 ಒತ್ತು, 2 ಉಸಿರು. ದೊಡ್ಡವರಿಗೆ 5ರಿಂದ 6 ಸೆಂಟಿಮೀಟರ್ ಆಳ, ನಿಮಿಷಕ್ಕೆ 100ರಿಂದ 120 ವೇಗ. ಬರೀ ಎದೆ ಒತ್ತಿದರೆ ಇಲ್ಲಿ ಸಾಲದು, ಮುಳುಗಿದವರಿಗೆ ಕೊರತೆ ಆಗಿರುವುದು ಆಮ್ಲಜನಕ. ಎಚ್ಚರ ಬಂದು ಚೆನ್ನಾಗಿ ಮಾತಾಡಿದರೂ ಆಸ್ಪತ್ರೆಗೆ ಕರೆತನ್ನಿ. ನೀರು ಹೊಕ್ಕ ಶ್ವಾಸಕೋಶ ಕೆಲವು ಗಂಟೆ ಕಳೆದ ಮೇಲೂ ಕೆಡಬಹುದು.

ಸಿಯಾಟಲ್ ಮಳಿ (ಮೂಲ ರಾಣೇಬೆನ್ನೂರು)

ಒಂದು ಉಳದಿತ್ತು. ಮಕ್ಕಳು ಕಯಾಕ್, ದೋಣಿ ಅಂತ ಹೋದ್ರ ಯಾವ ಜಾಕೆಟ್ ಅಂತ ಕೇಳಬೇಕು. ಜಾಕೆಟ್ ಎಷ್ಟು ಬಲದಿಂದ ತೇಲಸ್ತೈತಿ ಅನ್ನೋದನ್ನ ನ್ಯೂಟನ್ ಲೆಕ್ಕದಾಗ ಬರದಿರ್ತಾರ. 50 ನ್ಯೂಟನ್‌ದು ಈಜು ಬಲ್ಲವರಿಗೆ ತೇಲಾಕ ಆಸರ ಅಷ್ಟ, ಎಚ್ಚರ ತಪ್ಪಿದವನ ಮುಖ ಮ್ಯಾಲೆ ತಿರುಗಿಸೂದಿಲ್ಲ. ದಂಡಿಯಿಂದ ದೂರ ಹೋಗೋ ದೋಣ್ಯಾಗ 150 ನ್ಯೂಟನ್‌ದು ಬೇಕು. ತೊಡಿ ಸಂದಿನ ಪಟ್ಟಿ ಹಾಕಲಿಲ್ಲ ಅಂದ್ರ ನೀರಿಗೆ ಬಿದ್ದ ಕೂಡಲೇ ಜಾಕೆಟ್ ಕಿವಿತನಾ ಏರಿ ಬಾಯಿ ಕೆಳಗ ಉಳಿತೈತಿ. ಹಾಕ್ಕೊಂಡ ಮ್ಯಾಲೆ ಗೆಳೆಯನ ಕಡಿಂದ ಎರಡೂ ಭುಜ ಹಿಡಿದು ಮ್ಯಾಲಕ್ಕ ಎಳಸ್ರಿ. ಗದ್ದ ಮುಟ್ಟಿದ್ರ ಪಟ್ಟಿ ಇನ್ನೂ ಬಿಗೀಬೇಕು.